ಐರಾ ಹೋಸ್ಟೆಟರನ ಮೂಗು

ಐರಾ ಹೋಸ್ಟೆಟರ್ ಪಿಸ್ತೂಲನ್ನು ಕೈಗೆತ್ತಿಕೊಂಡರೆ ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದ. ಕಣ್ಣು ಮುಚ್ಚಿ, ಗದ್ದವನ್ನು ತುಸು ಮೇಲೆತ್ತಿ, ನಳಿಗೆಯ ತುದಿಯಿಂದ ಹಿಡಿಕೆಯ ಬುಡದವರೆಗೆ ಮೂಗನ್ನು ಮೆಲ್ಲಗೆ ಹಾಯಿಸಿಕೊಂಡು ಹೋಗುವ ಆ ಕ್ರಿಯೆಯಲ್ಲಿ ಹಸುಗೂಸಿನ ನೆತ್ತಿ ಮೂಸುವ ಅಜ್ಜಿಯ ತನ್ಮಯತೆ ಇರುತ್ತಿತ್ತು. ಹೊಸಬರು ಕಿಸಕ್ಕನೆ ನಕ್ಕುಬಿಡುತ್ತಿದ್ದರು. ಹಳಬರಾದ ನಾವು ಮಾತ್ರ ಕಾಫಿ ಲೋಟವನ್ನು ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಿದ್ದೆವು. ಆ ಮೂಗು ಮೇಲೆದ್ದ ಮೇಲೆ ಬರುವ ಮಾತಿಗೆ ಪೆನ್ಸಿಲ್ವೇನಿಯಾದ ಪಿಸ್ತೂಲು ಸಂಗ್ರಹಕಾರರ ನಡುವೆ ಮೇಲ್ಮನವಿ ಇರಲಿಲ್ಲ.

ಮೂಗಿನ ವಿದ್ಯೆ ಇಷ್ಟೇ. ಎರಡನೆಯ ಮಹಾಯುದ್ಧದ ಕಾಲದ ಪಿಸ್ತೂಲಿನ ಉಕ್ಕಿಗೆ ಕಾರ್ಖಾನೆಯವರು ಹಿಡಿಸಿದ ಕಡುನೀಲಿ ಬಣ್ಣವೊಂದಿರುತ್ತದೆ. ಸಂಗ್ರಹಕಾರನಿಗೆ ಆ ಬಣ್ಣವೇ ಸರ್ವಸ್ವ. ಸೈನಿಕನ ಬೆವರಿಗೆ, ಚರ್ಮದ ಒರೆಯ ತಿಕ್ಕಾಟಕ್ಕೆ ಅದು ಅಂಚುಗಳಲ್ಲಿ ಸವೆದು ಬಿಳಿಯುಕ್ಕು ಇಣುಕಿದ್ದರೆ ಚಿಂತೆಯಿಲ್ಲ, ಅದು ಪಿಸ್ತೂಲಿನ ಪ್ರಾಮಾಣಿಕ ಮುಪ್ಪು. ಆದರೆ ಆ ಮುಪ್ಪನ್ನು ಮರೆಮಾಚಲು ಯಾರಾದರೂ ಬಾಟಲಿಯಲ್ಲಿ ಸಿಗುವ ನೀಲಿ ಮದ್ದನ್ನು ಹತ್ತಿಯಲ್ಲಿ ಅದ್ದಿ ಸವರಿದರೋ, ಅಲ್ಲಿಗೆ ಮುಗಿಯಿತು, ಬೆಲೆಯಲ್ಲಿ ಅರ್ಧಕ್ಕರ್ಧ ನೀರುಪಾಲು. ಕಣ್ಣಿಗೆ ಒಂದಿಷ್ಟೂ ಗೊತ್ತಾಗದಂತೆ ಮದ್ದು ಸವರುವ ಚತುರರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಮದ್ದಿಗೆ ಒಂದು ವಾಸನೆಯಿದೆ: ಬೆಳ್ಳುಳ್ಳಿ ಜಜ್ಜಿ ಕೊಳೆತ ಮೊಟ್ಟೆಯ ಪಕ್ಕ ಇಟ್ಟ ಹಾಗೆ. ನನ್ನಂಥವರಿಗೆ ಅದು ಹಚ್ಚಿದ ವಾರದವರೆಗೆ ತಿಳಿದೀತು. ಐರಾನಿಗೆ ಹಚ್ಚಿದವನು ಸತ್ತು ಮಣ್ಣಾದ ಮೇಲೂ ತಿಳಿಯುತ್ತಿತ್ತು.

ಬ್ಲೂಮ್ಸ್‌ಬರ್ಗಿನ ಮೈದಾನದಲ್ಲಿ, ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಉದ್ದನೆಯ ಶೆಡ್ಡಿನಲ್ಲಿ ಸೇರುವ ನಮ್ಮ ಬಂದೂಕು ಸಂತೆಯಲ್ಲಿ ಅವನದು ಗೋಡೆ ಬದಿಯ ಮೇಜು, ಪಕ್ಕದ್ದು ನನ್ನದು. ನಾನು ಹಳೆಯ ಚರ್ಮ ಮಾರುವವನು. ಪಿಸ್ತೂಲಿನ ಒರೆ, ಸೈನಿಕರ ಬೆಲ್ಟು, ನಕಾಶೆಯ ಚೀಲ, ಇಂಥವು. ಐರಾನ ಮೇಜಿನ ಮೇಲೆ ಮಾರಲು ಏನೂ ಇರುತ್ತಿರಲಿಲ್ಲ. ಹಸಿರು ಉಣ್ಣೆಯ ಬಟ್ಟೆಯೊಂದು, ಭೂತಗನ್ನಡಿಯೊಂದು, ಯಾರಾದರೂ ತಂದುಕೊಟ್ಟ, ಕಾಕಂಬಿ ತುಂಬಿ ಬೇಯಿಸಿದ ಪೈ ಎಂಬ ಸಿಹಿತಿನಿಸಿನ ಒಂದು ತುಂಡು. ಆ ಪೈಯೇ ಅವನ ಸಂಭಾವನೆ. ಅದಕ್ಕಿಂತ ಹೆಚ್ಚನ್ನು ಕೊಡಹೋದವರಿಗೆ ಅವನ ಮುಖದಲ್ಲಿ ಎಂಥ ಸಂಕಟ ಮೂಡುತ್ತಿತ್ತೆಂದರೆ, ಕೊಡಹೋದವರೇ ಕ್ಷಮೆ ಕೇಳಿ ಹಣವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಅವನು ಲ್ಯಾಂಕಾಸ್ಟರ್ ಕಡೆಯ ಮೆನ್ನೊನೈಟರೆಂಬ ಕ್ರೈಸ್ತ ಪಂಗಡದವರ ಮಗ. ಕೈಯಲ್ಲಿ ಆಯುಧ ಹಿಡಿಯುವುದೇ ಪಾಪವೆಂದು ತಲೆತಲಾಂತರದಿಂದ ನಂಬಿಬಂದ ಜನ. ಅವನಪ್ಪ ಯುದ್ಧಕಾಲದಲ್ಲಿ ಬಂದೂಕು ಹೊರಲೊಲ್ಲೆನೆಂದು ಹೇಳಿ ಕಾಡಿನಲ್ಲಿ ಗಿಡ ನೆಡುವ ಚಾಕರಿಗೆ ಹೋದವನು. ಅಂಥ ಮನೆಯಲ್ಲಿ ಹುಟ್ಟಿ ಈ ವಿದ್ಯೆಗೆ ಹೇಗೆ ಬಂದೆ ಎಂದು ಕೇಳಿದರೆ ಅವನು ಪೈ ತಿನ್ನುತ್ತಿದ್ದ. ಅವನ ಕಂದು ಕಾರ್ಡುರಾಯ್ ಕೋಟಿನಲ್ಲಿ ಮೇಲಿನ ಗುಂಡಿಯ ಜಾಗದಲ್ಲಿ ಗುಂಡಿಯಿರಲಿಲ್ಲ, ಕೊಕ್ಕೆಯಿತ್ತು. ಗುಂಡಿಯನ್ನು ಒಣಜಂಬವೆಂದು ತಿಳಿದ ಅಜ್ಜಂದಿರಿಂದ ಉಳಿದುಬಂದ ಕುರುಹು ಅದೊಂದೇ. ನಡೆಯುವಾಗ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇಗಿಲ ಸಾಲಿನಲ್ಲಿ ಊರಿದಂತೆ ಊರುತ್ತ, ಶೆಡ್ಡಿನ ಜನಜಂಗುಳಿಯಲ್ಲೂ ಯಾರ ಭುಜವನ್ನೂ ತಾಗದೆ ಬರುತ್ತಿದ್ದ. ತಮಾಷೆಯೆಂದರೆ, ಸಾವಿರಾರು ಪಿಸ್ತೂಲುಗಳ ಜಾತಕ ಬಲ್ಲ ಈ ಮನುಷ್ಯ ಒಂದರಿಂದಲೂ ಗುಂಡು ಹಾರಿಸಿದವನಲ್ಲ, ಮನೆಯಲ್ಲಿ ಒಂದನ್ನೂ ಇಟ್ಟುಕೊಂಡವನಲ್ಲ. ಒಮ್ಮೆ ಕೆಣಕಿದೆ. “ಏನಪ್ಪಾ ಅಂದ್ರೆ, ಕ್ಲೆಮ್,” ಎಂದ. ತೀರ್ಪಿರಲಿ, ಹವಾಮಾನದ ಮಾತಿರಲಿ, ಈ ‘ಏನಪ್ಪಾ ಅಂದ್ರೆ’ ಇಲ್ಲದೆ ಅವನ ಬಾಯಿ ತೆರೆಯುವುದು ಅಪರೂಪ. “ಇವು ಮಾಡೋ ಕೆಲಸ ಎಲ್ಲಾ ಮಾಡಿ ಮುಗ್ಸಿವೆ. ಇನ್ನೇನಿದ್ರೂ ನೋಡ್ಕೊಳೋದಷ್ಟೇ ಬಾಕಿ.”

ಅವನಿಗೆ ಇನ್ನೊಂದು ಹಟವಿತ್ತು, ಈ ಕಥೆಯ ಮೂಲವೇ ಅದು. ಪಿಸ್ತೂಲು ತಂದವರಿಗೆಲ್ಲ ಒಂದು ಕಥೆ ಇರುತ್ತದೆ. ಅಪ್ಪ ಕಿತ್ತುಕೊಂಡದ್ದು, ಅಜ್ಜನಿಗೆ ಶರಣಾದ ಅಧಿಕಾರಿ ತಾನೇ ಮಂಡಿಯೂರಿ ಒಪ್ಪಿಸಿದ್ದು, ಹೀಗೆ. ನಮ್ಮ ಸಂತೆಯಲ್ಲಿ ಮಂಡಿಯೂರಿದ ಅಧಿಕಾರಿಗಳನ್ನೆಲ್ಲ ಒಟ್ಟು ಹಾಕಿದರೆ ಜರ್ಮನರ ಸೈನ್ಯದಲ್ಲಿ ಸಿಪಾಯಿಗಳೇ ಇರಲಿಲ್ಲವೇನೋ ಅನ್ನಿಸೀತು. ಕಥೆ ಶುರುವಾಗುವ ಸುಳಿವು ಸಿಕ್ಕಿದೊಡನೆ ಐರಾ ತನ್ನ ಅಗಲವಾದ ಅಂಗೈಯನ್ನು ಎದುರಿನವರ ಬಾಯಿಗೆ ಅಡ್ಡವಾಗಿ ಎತ್ತಿಬಿಡುತ್ತಿದ್ದ. “ಕಥೆ ಆಮೇಲೆ. ಮೊದ್ಲು ಇದು ಮಾತಾಡ್ಲಿ.” ಆಮೇಲೆ ಎಂದರೆ ಬೆಲೆ ಹೇಳಿದ ಮೇಲೆ, ಅಷ್ಟು ಹೊತ್ತಿಗೆ ಎಷ್ಟೋ ಜನರಿಗೆ ಕಥೆ ಹೇಳುವ ಉತ್ಸಾಹವೇ ಉಳಿದಿರುತ್ತಿರಲಿಲ್ಲ.

ಓಹಾಯೊದಿಂದ ಬಂದಿದ್ದ ವ್ಯಾಪಾರಿಯೊಬ್ಬ ಅಂಗೈಯನ್ನು ಲೆಕ್ಕಿಸದೆ, ಇದು ಸಾಕ್ಷಾತ್ ಜನರಲ್ ಒಬ್ಬನ ಸೊಂಟದಲ್ಲಿದ್ದ ಲೂಗರ್ ಎಂಬ ಜರ್ಮನ್ ಪಿಸ್ತೂಲು ಎಂದು ಸಾರಿದ್ದು ನೆನಪಿದೆ. ಲೂಗರಿನ ಒಂದೊಂದು ಬಿಡಿಭಾಗದ ಮೇಲೂ ಆ ಪಿಸ್ತೂಲಿನದೇ ಅಂಕಿ ಕೊರೆದಿರುತ್ತದೆ. ಐರಾ ಭೂತಗನ್ನಡಿ ಹಿಡಿದು ಸುತ್ತಿಬಂದು, “ಏನಪ್ಪಾ ಅಂದ್ರೆ, ಇದರ ತಲೆ ಒಬ್ಬಂದು, ಮೈ ಒಬ್ಬಂದು, ಮ್ಯಾಗಜಿನ್ನು ಮೂರನೆಯವಂದು. ಜನರಲ್ ಒಬ್ನೇ ಇದ್ನಾ, ಇಲ್ಲ ಪಟಾಲಮ್ಮೇ ಬಂದಿತ್ತಾ?” ಎಂದ. ವ್ಯಾಪಾರಿಯೂ ನಮ್ಮೊಡನೆ ಸೇರಿ ನಕ್ಕ, ಬೇರೆ ದಾರಿ ಇರಲಿಲ್ಲ. ಆದರೆ ಐರಾನನ್ನು ನಿಜಕ್ಕೂ ಕದಡುತ್ತಿದ್ದದ್ದು ಮೋಸಗಾರರಲ್ಲ. ಒಂದು ಸಲ ದಾಂಡಿಗನಂಥ ಲಾರಿ ಚಾಲಕನೊಬ್ಬ, “ನಮ್ಮಜ್ಜಂದು. ನಿಮಗೆ ತೋರ್ಸಬೇಕಲ್ಲ ಅಂತ ನಿನ್ನೆ ಇಡೀ ದಿನ ಕೂತು ಉಜ್ಜಿದೀನಿ ಸಾರ್, ಹೆಂಗೆ ಫಳಫಳ ಅಂತಿದೆ ನೋಡಿ!” ಎಂದು ಎದೆಯುಬ್ಬಿಸಿ ಮುಂದಿಟ್ಟ ಪಿಸ್ತೂಲಿನ ಮೇಲೆ ನೀಲಿಯ ಒಂದು ಕಲೆಯೂ ಉಳಿದಿರಲಿಲ್ಲ, ಊಟದ ಚಮಚದಂತೆ ಹೊಳೆಯುತ್ತಿತ್ತು. “ಚೆನ್ನಾಗಿ ಉಜ್ಜಿದ್ದೀಯಪ್ಪ, ಮನೇಲೇ ಇಟ್ಕೋ,” ಎಂದಷ್ಟೇ ಹೇಳಿ ಕಳಿಸಿದ ಐರಾ, ಆ ಮಧ್ಯಾಹ್ನ ಪೈ ಮುಟ್ಟಲಿಲ್ಲ. “ಪ್ರೀತಿಯಿಂದಾನೇ ಕೊಂದುಬಿಟ್ಟ, ಕ್ಲೆಮ್,” ಎಂದು ಗೊಣಗುತ್ತಿದ್ದ.

ಇಂಥ ಐರಾನ ಮೇಜಿಗೆ ಒಂದು ಶರತ್ಕಾಲದ ಶನಿವಾರ ಅಸುಂತಾ ಪಲಾಡಿನೊ ಬಂದರು. ಹೇಝಲ್ಟನ್ನಿನ ಗಣಿ ಕೆಲಸಗಾರನ ವಿಧವೆ, ಎಂಬತ್ತು ದಾಟಿದ ಪುಟ್ಟ ದೇಹ, ಗಂಟಲವರೆಗೆ ಮುಚ್ಚಿದ ಕಪ್ಪು ಕೋಟು. ಮಗಳ ಮನೆಗೆ ಹೋಗಿ ನೆಲೆಸಬೇಕಾಗಿತ್ತು. ಸಣ್ಣ ಮಕ್ಕಳಿರುವ ಮನೆಗೆ ಗಂಡನ ಪಿಸ್ತೂಲನ್ನು ಒಯ್ಯಲಾರದೆ, ಅದರ ಬೆಲೆ ಬಲ್ಲವರ ಕೈಗೆ ಒಪ್ಪಿಸಲು ತಂದಿದ್ದರು. ಎಣ್ಣೆ ಬಟ್ಟೆಯ ಗಂಟು ಬಿಚ್ಚಿದಾಗ ಹೊರಬಂದ ಲೂಗರನ್ನು ಕಂಡು ನಾನು ಎದ್ದುನಿಂತೆ. ಕಾರ್ಖಾನೆಯಿಂದ ನಿನ್ನೆ ಹೊರಬಿದ್ದಂತಿತ್ತು. ಎಲ್ಲಕ್ಕಿಂತ ಮೊದಲು ಸವೆಯುವ ನಳಿಗೆಯ ಬಾಯಂಚು ಕೂಡ ಕಡುನೀಲಿ. ನಮ್ಮ ಜಿಲ್ಲೆಯ ಅತಿ ದೊಡ್ಡ ಸಂಗ್ರಹಕಾರ ಲಾಯ್ಡ್ ರೆನಿಂಜರ್ ಎರಡು ಮೇಜು ದಾಟಿ ಓಡೋಡಿ ಬಂದು ಆಕೆಯ ಬೆನ್ನ ಹಿಂದೆ ನಿಂತ.

“ಇದು ನನ್ನ ಗಂಡ ಒರೆಸ್ಟೆ...” ಎಂದು ಆಕೆ ಶುರುಮಾಡಿದರು. ಅಂಗೈ ಮೇಲೆದ್ದಿತು. “ಕಥೆ ಆಮೇಲೆ, ಅಮ್ಮ.” ಆಕೆ ಬಾಯಿ ಮುಚ್ಚಿದರು. ಐರಾ ಕಣ್ಣು ಮುಚ್ಚಿ ಮೂಸಿದ. ನಳಿಗೆಯ ತುದಿಯಲ್ಲಿ ಮೂಗು ನಿಂತಿತು. ಹಿಂದೆ ಸರಿದು ಮತ್ತೆ ಅಲ್ಲಿಗೇ ಬಂತು. ಹಣೆಯ ಮೇಲೆ ಗೆರೆ ಮೂಡಿದ್ದನ್ನು ನಾವೆಲ್ಲ ನೋಡಿದೆವು. ಭೂತಗನ್ನಡಿಯಲ್ಲಿ ಅಂಕಿಗಳನ್ನೆಲ್ಲ ನೋಡಿ ಮುಗಿಸಿ ಪಿಸ್ತೂಲನ್ನು ಹಸಿರು ಬಟ್ಟೆಯ ಮೇಲೆ ಮಲಗಿಸಿದ.

“ಏನಪ್ಪಾ ಅಂದ್ರೆ, ಅಮ್ಮ, ಅಂಕಿ ಎಲ್ಲಾ ಕೂಡಿವೆ. ಒಳ್ಳೇ ಪಿಸ್ತೂಲು. ಆದ್ರೆ ಅಂಚಿಗೆ ಮದ್ದು ಸವರಿದಾರೆ.”

“ಇಲ್ಲ. ತಂದಾಗ ಹೆಂಗಿತ್ತೋ ಹಂಗೇ ಇಟ್ಟಿದೀನಿ, ಏನೂ ಹಚ್ಚಿಲ್ಲ ಅಂತ ಒರೆಸ್ಟೆ ಹೇಳಿದ್ರು. ಆಸ್ಪತ್ರೇಲಿ ಮಲಗಿದ್ದಾಗ್ಲೂ ಹೇಳಿದ್ರು.”

“ಯಾರೋ ಹಚ್ಚಿದಾರಮ್ಮ. ವಾಸನೆ ಇದೆ.”

“ಆ ಮನೇಲಿ ಮೊದ್ಲಿಂದ ಇದ್ದಿದ್ದು ನಾವಿಬ್ರೇ ದೊಡ್ಡೋರು. ನಾನಂತೂ ಹಚ್ಚಿಲ್ಲ. ಹಂಗಾದ್ರೆ ನನ್ನ ಗಂಡ ಸುಳ್ಳು ಹೇಳ್ದ ಅಂತೀಯಾ?”

ಐರಾ ಹಸಿರು ಬಟ್ಟೆಯ ಮಡಿಕೆಯನ್ನು ಸರಿಪಡಿಸಿದ. ಹಿಂದೆ ನಿಂತಿದ್ದ ರೆನಿಂಜರ್ ಹೇಳಿದ: “ಗಂಡಂದಿರು ಹೇಳೋದನ್ನೆಲ್ಲ ನಂಬ್ತಾರಾ ಅಜ್ಜಿ?” ಸುತ್ತ ನಿಂತವರು ನಕ್ಕರು. ಆಕೆ ಯಾರ ಮುಖವನ್ನೂ ನೋಡದೆ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಜೊತೆಯಲ್ಲಿ ತಂದಿದ್ದ ಒರೆಯನ್ನು ನನ್ನ ಮೇಜಿನ ಮೇಲೆ ಇಟ್ಟು, “ನೀನು ಚರ್ಮದೋನಲ್ವಾ, ಇದಕ್ಕೂ ಏನಾದ್ರೂ ಹಚ್ಚಿದ್ರಾ ನೋಡ್ಕೊಂಡು ತಗೋ,” ಎಂದರು. ನಾನು ನಾಚಿಕೆಯಿಂದ ಸರಿಯಾದ ಬೆಲೆಯನ್ನೇ ಕೊಟ್ಟೆ. ಹಣವನ್ನು ಎಣಿಸದೆ ಚೀಲಕ್ಕೆ ಹಾಕಿಕೊಂಡು ಹೋದರು.

ಆ ಒರೆ ರಾತ್ರಿಯೆಲ್ಲ ನನ್ನ ಪಿಕಪ್ ಗಾಡಿಯಲ್ಲಿತ್ತು. ಸಂತೆಯ ಎರಡನೆಯ ದಿನವಾದ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಒಳಗೆಲ್ಲ ಗಪ್ಪೆಂದು ಬೆಳ್ಳುಳ್ಳಿ ನಾತ. ಐರಾನನ್ನು ಕೆಣಕಲು ಒಳ್ಳೆಯ ಅವಕಾಶವೆಂದು ಅದನ್ನು ಅವನ ಪೈ ಪಕ್ಕಕ್ಕೆ ಎಸೆದೆ. “ಮೂಸು ಮಾರಾಯ. ಪುಣ್ಯಾತ್ಮ ಚರ್ಮಕ್ಕೂ ಮದ್ದು ಹಚ್ಚಿಬಿಟ್ಟಿದಾನೆ!”

ಐರಾ ಮೂಸಿದ. ನಗಲಿಲ್ಲ. ಇನ್ನೊಮ್ಮೆ ಮೂಸಿದ. ಅವನ ಮುಖದಿಂದ ಬಣ್ಣ ಇಳಿದುಹೋದದ್ದನ್ನು ಕಂಡು ನನ್ನ ನಗೆಯೂ ನಿಂತಿತು.

“ಚರ್ಮಕ್ಕೆ ಯಾರೂ ಮದ್ದು ಹಚ್ಚಲ್ಲ, ಕ್ಲೆಮ್,” ಎಂದ.

ಸಂತೆ ಮುಗಿಯುವ ಮೊದಲು ಎಂದೂ ಮೇಜು ಬಿಡದ ಮನುಷ್ಯ, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು, ಕೋಟಿನ ಕೊಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದುಬಿಟ್ಟ. ನಾನು ಗಾಡಿ ತೆಗೆದೆ. ಹೇಝಲ್ಟನ್ನಿನಲ್ಲಿ ಇಗರ್ಜಿಯಿಂದ ಹೊರಬರುತ್ತಿದ್ದ ಜನರನ್ನು ಪಲಾಡಿನೊ ಮನೆ ಎಲ್ಲಿ ಎಂದು ಕೇಳಿದರೆ, “ಬೆಳ್ಳುಳ್ಳಿ ಅಜ್ಜಿ ಮನೆನಾ?” ಎಂದು ಅವರೇ ತಿರುಗಿ ಕೇಳಿದರು. ಐರಾ ನನ್ನ ಕಡೆ ನೋಡಿದ. ಆ ನೋಟವನ್ನು ಮರೆಯುವುದು ನನ್ನಿಂದಾಗಿಲ್ಲ.

ಅಸುಂತಾ ನಮ್ಮನ್ನು ಬೈಯಲಿಲ್ಲ, ಕೂರಿ ಎನ್ನಲೂ ಇಲ್ಲ. ಪಿಸ್ತೂಲನ್ನು ಎಲ್ಲಿ ಇಟ್ಟಿದ್ದಿರಿ ಎಂದು ಐರಾ ಕೇಳಿದ್ದಕ್ಕೆ ಅಟ್ಟದ ಏಣಿಯನ್ನು ತೋರಿಸಿ ತಾವೇ ಮುಂದಾಗಿ ಹತ್ತಿದರು. ಮೇಲೆ, ತೊಲೆಯ ಉದ್ದಕ್ಕೂ, ಹಿತ್ತಲಿನಲ್ಲಿ ಬೆಳೆದ ಬೆಳ್ಳುಳ್ಳಿಯನ್ನು ಎಲೆಸಮೇತ ಹೆಣೆದು ಜಡೆಜಡೆಯಾಗಿ ತೂಗುಹಾಕಿತ್ತು. ಮದುವೆಯಾಗಿ ಬಂದಂದಿನಿಂದ ಪ್ರತಿ ವರ್ಷವೂ ಅಲ್ಲೇ ಒಣಗಿಸುತ್ತ ಬಂದದ್ದಂತೆ. ಅದರ ನೇರ ಕೆಳಗೆ ಒರೆಸ್ಟೆಯ ಸೈನ್ಯದ ಪೆಟ್ಟಿಗೆ.

“ಇಲ್ಲೇ ಇತ್ತು,” ಎಂದರು ಆಕೆ. “ಕೇಳಿದ್ರೆ ಹೇಳ್ತಿದ್ದೆ. ಬಾಯಿ ತೆಗೆಯೋಕೇ ಬಿಡ್ಲಿಲ್ವಲ್ಲ ನೀನು, ಕೈ ಅಡ್ಡ ಹಿಡಿದುಬಿಟ್ಟೆ.”

ಐರಾ ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಒಯ್ದ. ಸ್ಪಿರಿಟ್ಟಿನ ಬಟ್ಟೆಯಿಂದ ಮೇಲಿನ ಎಣ್ಣೆಯನ್ನೆಲ್ಲ ಒರೆಸಿದ. ಮದ್ದಾಗಿದ್ದರೆ ವಾಸನೆ ಉಕ್ಕಿಗೇ ಅಂಟಿರಬೇಕಿತ್ತು. ಎಣ್ಣೆ ಹೋದೊಡನೆ ಅದೂ ಹೋಯಿತು, ಬರೀ ತಣ್ಣನೆಯ ಕಬ್ಬಿಣದ ವಾಸನೆ ಉಳಿಯಿತು. ಭೂತಗನ್ನಡಿಯಲ್ಲಿ ಬಾಯಂಚಿನ ಸುತ್ತ ಬಹಳ ಹೊತ್ತು ನೋಡಿದ. ಅಂಚಿನ ನೀಲಿಗೂ ಮೈಯ ನೀಲಿಗೂ ಎಲ್ಲೂ ವ್ಯತ್ಯಾಸವಿಲ್ಲ.

“ಇದನ್ನ ಯಾರೂ ಮುಟ್ಟಿಲ್ಲಮ್ಮ. ತಪ್ಪು ನಂದು.”

“ನನ್ನ ಅಟ್ಟಕ್ಕೆ ಬಂದು ಹೇಳಿದ್ರೆ ಯಾರಿಗೆ ಕೇಳ್ಸುತ್ತಪ್ಪ?” ಎಂದರು ಅಸುಂತಾ. “ಬೆಳ್ಳುಳ್ಳಿಗಾ?”

ದಾರಿಯುದ್ದಕ್ಕೂ ನಾನು ಬುದ್ಧಿ ಹೇಳಿದೆ. ಆಕೆಗೆ ತಿಳಿಯಿತಲ್ಲ, ರೆನಿಂಜರನಿಗೂ ಗುಟ್ಟಾಗಿ ಒಂದು ಮಾತು ಹೇಳು, ಸಾಕು ಎಂದೆ. ಈ ಸಂತೆಯಲ್ಲಿ ನಿನ್ನ ಮೂಗನ್ನು ನಂಬಿ ಎಷ್ಟು ಪಿಸ್ತೂಲುಗಳು ಕೈ ಬದಲಾಗಿವೆ, ಒಂದು ತಪ್ಪೊಪ್ಪಿದರೆ ಎಲ್ಲರೂ ತಮ್ಮ ತಮ್ಮದನ್ನು ಹೊತ್ತು ತರುತ್ತಾರೆ, ಆಯುಷ್ಯವೆಲ್ಲ ಕಟ್ಟಿದ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಗೂಡುತ್ತದೆ ಎಂದು ಹೆದರಿಸಿದೆ. ಅವನು ಕಿಟಕಿಯಿಂದಾಚೆ ಕೊಯ್ಲಾದ ಜೋಳದ ಹೊಲಗಳನ್ನು ನೋಡುತ್ತಿದ್ದ.

“ಮೂಗು ನಂದು, ಕ್ಲೆಮ್,” ಎಂದ ಕೊನೆಗೆ. “ಹೋಗಿರೋದು ಸತ್ತ ಆಯಪ್ಪನ ಮಾತು.”

‘ಏನಪ್ಪಾ ಅಂದ್ರೆ’ ಇಲ್ಲದೆ ಅವನು ಆಡಿದ ಮಾತು ಅದು.

ಮುಂದಿನ ಸಂತೆಗೆ ಅಸುಂತಾರನ್ನು ನಾನೇ ಕರೆತಂದು ಐರಾನ ಮೇಜಿನ ಹಿಂದೆ ಕೂರಿಸಿದೆ. ನಮ್ಮ ಶೆಡ್ಡಿನ ಧ್ವನಿವರ್ಧಕದಲ್ಲಿ ಯಾರದೋ ಗಾಡಿಯ ದೀಪ ಉರಿಯುತ್ತಿದೆ ಎಂದೋ, ಲಾಟರಿಯಲ್ಲಿ ಹಂದಿಯ ತೊಡೆ ಇಂಥವರಿಗೆ ಬಂತು ಎಂದೋ ಕೇಳಿಬರುತ್ತದೆ, ಅದಕ್ಕೆ ಯಾರೂ ಕಿವಿಗೊಡುವುದಿಲ್ಲ. ಜನ ಕಿಕ್ಕಿರಿದ ನಡುಹಗಲಲ್ಲಿ ಐರಾ ನೇಗಿಲ ಸಾಲಿನ ಹೆಜ್ಜೆಯಲ್ಲಿ ಅಲ್ಲಿಗೆ ನಡೆದುಹೋದ. ಮೈಕಿನಲ್ಲಿ ಅವನ ಕೆಮ್ಮು ಕೇಳಿಸಿತು.

“ನಾನು ಐರಾ ಹೋಸ್ಟೆಟರ್. ಹೋದ ಸಂತೇಲಿ ಪಲಾಡಿನೊ ಅವರ ಲೂಗರಿಗೆ ಮದ್ದು ಹಚ್ಚಿದಾರೆ ಅಂದಿದ್ದೆ. ಹಚ್ಚಿರಲಿಲ್ಲ. ಒರೆಸ್ಟೆ ಪಲಾಡಿನೊ ಅದನ್ನ ಮುಟ್ಟೇ ಇಲ್ಲ. ಆತ ಹೇಳಿದ್ದು ನಿಜ. ಅಟ್ಟದಲ್ಲಿದ್ದ ಬೆಳ್ಳುಳ್ಳೀನ ನಾನು ಮದ್ದು ಅಂದ್ಕೊಂಡೆ. ನಾನು ಮದ್ದು ಅಂದಿರೋ ಪಿಸ್ತೂಲು ಯಾರ ಹತ್ರ ಇದ್ರೂ ತನ್ನಿ, ಇನ್ನೊಂದು ಸಲ ನೋಡ್ತೀನಿ.”

ಮೂಲೆಯಲ್ಲಿ ಸಾಸೇಜ್ ಬೇಯುವ ಚುರುಗುಟ್ಟುವಿಕೆ ಕೂಡ ಕೇಳಿಸುತ್ತಿತ್ತು. ಹಿಂದಿರುಗಿ ಬರುವಾಗ ಜನ ತಾವಾಗಿ ಇಬ್ಭಾಗವಾಗಿ ದಾರಿ ಬಿಟ್ಟರು. ಅವಮಾನಕ್ಕೆ ಬಿಟ್ಟ ದಾರಿಯೋ, ಗೌರವಕ್ಕೆ ಬಿಟ್ಟದ್ದೋ ಎಂದು ಆ ಕ್ಷಣ ಅವರಿಗೂ ಗೊತ್ತಿರಲಿಲ್ಲ.

ರೆನಿಂಜರ್ ಎಲ್ಲರಿಗಿಂತ ಮೊದಲು ಬಂದ. “ಅಮ್ಮಾ, ಆ ಲೂಗರ್ ನನಗೇ ಬೇಕು. ಪೂರ್ತಿ ಬೆಲೆ,” ಎಂದ. ಅಸುಂತಾ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಗಂಡಂದಿರು ಹೇಳೋದನ್ನೆಲ್ಲ ನಂಬಬಾರ್ದು ಅಂದಿದ್ದೆಯಲ್ಲ. ಈಗ ನಂಬ್ತೀಯಾ?” ಆ ದೊಡ್ಡ ಮನುಷ್ಯ ತಲೆಯ ಮೇಲಿದ್ದ ಟೋಪಿ ತೆಗೆದ. “ನಂಬ್ತೀನಮ್ಮ.” “ಇರು ಹಂಗಾದ್ರೆ,” ಎಂದು ಆಕೆ ಐರಾನ ಕಡೆ ತಿರುಗಿದರು. “ಈಗ ಕಥೆ ಕೇಳ್ತೀಯಾ?”

ಐರಾ ಕುರ್ಚಿ ಎಳೆದುಕೊಂಡು ಆಕೆಯ ಎದುರು ಕುಳಿತ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡ.

ಕಥೆಯಲ್ಲಿ ಮಂಡಿಯೂರಿದ ಅಧಿಕಾರಿ ಇರಲಿಲ್ಲ. ಯುದ್ಧ ಮುಗಿದ ಮೇಲೆ ಒರೆಸ್ಟೆಯ ತುಕಡಿ ಜರ್ಮನರ ಉಗ್ರಾಣವೊಂದನ್ನು ಕಾಯುತ್ತಿತ್ತು. ಯಾರಿಗೂ ಹಂಚದೆ ಉಳಿದಿದ್ದ ಹೊಸ ಪಿಸ್ತೂಲುಗಳ ಪೆಟ್ಟಿಗೆಯಿಂದ ಒಂದನ್ನು, ಇನ್ನೊಬ್ಬ ಪಹರೆಯವನಿಗೆ ಸಿಗರೇಟು ಕೊಟ್ಟು ಪಡೆದಿದ್ದ. ಅಷ್ಟೇ. “ನಮ್ಮ ಬೀದೀಲಿ ಯುದ್ಧಕ್ಕೆ ಹೋದೋರೆಲ್ಲ ಎಂಥೆಂಥ ಕಥೆ ಹೇಳೋರು,” ಎಂದರು ಅಸುಂತಾ. “ಮಕ್ಕಳು ಬಂದು ಕೇಳಿದ್ರೆ ಇವರು, ಸಿಗರೇಟು ಕೊಟ್ಟು ತಗೊಂಡೆ ಕಣ್ರೋ ಅನ್ನೋರು. ನಂಗೇ ಎಷ್ಟೋ ಸಲ ರೇಗೋದು, ಒಂದಿಷ್ಟು ಸೇರ್ಸಿ ಹೇಳಬಾರ್ದಾ ಅಂತ. ಸೇರಿಸ್ಲಿಲ್ಲ. ಅಂಥೋರು ಅಂಚಿಗೆ ಬಣ್ಣ ಹಚ್ತಾರಾ, ನೀನೇ ಹೇಳು.”

“ಹಚ್ಚಲ್ಲಮ್ಮ,” ಎಂದ ಐರಾ. ಅವನ ಕಣ್ಣು ತುಂಬಿತ್ತು.

ಆಕೆ ಲೂಗರನ್ನು ರೆನಿಂಜರನಿಗೇ ಕೊಟ್ಟರು. ಐರಾನಿಗೆ ಚೀಲದಿಂದ ಬೆಳ್ಳುಳ್ಳಿಯ ಒಂದು ಜಡೆ ತೆಗೆದುಕೊಟ್ಟರು. ನಾನು ಹೆದರಿಸಿದಂತೆಯೇ ಜನ ಹಳೆಯ ಪಿಸ್ತೂಲುಗಳನ್ನು ಹೊತ್ತು ಬಂದರು. ಆ ಸಂತೆಯಲ್ಲಿ, ಮುಂದಿನದರಲ್ಲಿ, ಅದರಾಚೆಯದರಲ್ಲೂ ಅವನು ಒಂದೊಂದನ್ನೇ ಒರೆಸಿ, ಮೂಸಿ, ಕಿಟಕಿಗೆ ಹಿಡಿದು ನೋಡಿದ. ಬಹುತೇಕ ಎಲ್ಲಕ್ಕೂ ಮದ್ದು ಹಚ್ಚಿಯೇ ಇತ್ತು. ಒಂದೆರಡಕ್ಕೆ ಖಾತ್ರಿಯಿಂದ ಹೇಳಲಾರೆ ಎಂದ. ಅದಕ್ಕೆ ಮುಂಚೆ ಅವನ ಬಾಯಿಂದ ಆ ಮಾತು ಬಂದದ್ದನ್ನು ಕೇಳಿದವರಿಲ್ಲ. ನಾನು ಕಂಡ ವಿಚಿತ್ರವೆಂದರೆ, ಅವನ ಮೇಜಿನ ಮುಂದಿನ ಸಾಲು ಅಂದಿನಿಂದ ಬೆಳೆಯಿತೇ ಹೊರತು ಕರಗಲಿಲ್ಲ. ಆ ಜಡೆ ಅವನು ಇರುವವರೆಗೂ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಯಾವ ಪಿಸ್ತೂಲು ಬಂದರೂ ಮೊದಲು ಅದನ್ನು ತಂದವರಿಗೆ ಕುರ್ಚಿ ತೋರಿಸಿ, “ಏನಪ್ಪಾ ಅಂದ್ರೆ, ಮೊದ್ಲು ಕಥೆ ಹೇಳಿ,” ಎನ್ನುತ್ತಿದ್ದ. ಮಂಡಿಯೂರಿದ ಅಧಿಕಾರಿಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಎದ್ದು ಹೋಗಿ ಬೆಳ್ಳುಳ್ಳಿಯನ್ನೊಮ್ಮೆ ಮೂಸಿ ಬಂದು, ಆಮೇಲೆ ಪಿಸ್ತೂಲಿಗೆ ಮೂಗು ಹಚ್ಚುತ್ತಿದ್ದ.

ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವ ಜನರನ್ನು ನಾನು ಬಾಳೆಲ್ಲ ನೋಡಿದ್ದೇನೆ. ಕಣ್ಣು ಚುರುಕಿನವರು, ನೆನಪು ಗಟ್ಟಿಯವರು, ಮೂಗು ಸೂಕ್ಷ್ಮದವರು, ಎಲ್ಲರೂ ಮೆಚ್ಚತಕ್ಕವರೇ. ಆದರೆ ನಾವು ಅವರ ಮೇಜಿನ ಮೇಲೆ ಇಡುವ ಉಕ್ಕಿನ ತುಂಡಿನ ಜೊತೆಯಲ್ಲಿ ಸತ್ತವರು ಆಡಿಹೋದ ಮಾತೂ ಇರುತ್ತದೆ, ಮತ್ತು ಅದನ್ನು ಸುಳ್ಳೆಂದರೆ ಅಲ್ಲವೆನ್ನಲು ಸತ್ತವರು ಎದ್ದು ಬರಲಾರರು. ಅವರ ಪರವಾಗಿ ಸಾಕ್ಷಿ ನುಡಿಯಲು ತನ್ನ ಆಯುಷ್ಯದ ಹೆಸರನ್ನು ತುಂಬಿದ ಸಂತೆಯ ನಡುವೆ ಪಣಕ್ಕಿಟ್ಟವನನ್ನು ನಾನು ಒಬ್ಬನನ್ನೇ ಕಂಡಿದ್ದೇನೆ. ಅಂಥವರು ಇನ್ನೂ ಎಲ್ಲೋ ಇರುತ್ತಾರೆ ಎಂಬ ಧೈರ್ಯದ ಮೇಲೆಯೇ ನಾವೆಲ್ಲ ನಮ್ಮ ಅಪ್ಪಂದಿರ ಪೆಟ್ಟಿಗೆಗಳನ್ನು ಅಪರಿಚಿತರ ಮುಂದೆ ಬಿಚ್ಚುತ್ತೇವೆ.